ಈಶಾನ್ಯದ ಒಂದು ಚದರಡಿ

ಗೆದ್ದ ಕಥೆ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಆದರೂ ಇದನ್ನು ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಗೆದ್ದವರು ನಾವು.

ಅಪ್ಪ ತೀರಿಕೊಂಡಾಗ ನಾನು ಸಿಡ್ನಿಯಲ್ಲಿದ್ದೆ. ದಾವಣಗೆರೆಗೆ ಹೋಗಿ ಕರ್ಮಾಂತರ ಮುಗಿಸಿ ಸಿಡ್ನಿಯ ಟೂಂಗಾಬಿಯ ಬಾಡಿಗೆ ಮನೆಗೆ ವಾಪಸ್ಸು ಬಂದವಳು ಮಾಡಿದ ಮೊದಲ ಕೆಲಸವೆಂದರೆ ಅವರ ಹೆಸರಿನಲ್ಲಿ ಒಂದು ಚದರಡಿ ಜಾಗ ದಾನ ಕೊಟ್ಟದ್ದು. ಮೆಲ್ಬರ್ನ್‌ನ ಕನ್ನಡಿಗರ ಟ್ರಸ್ಟ್ ಒಂದು ಊರಂಚಿನ ವಿಂಡಮ್ ವೇಲ್‌ನ ಆಚೆ, ಇನ್ನೂ ಕುರಿ ಮೇಯುತ್ತಿದ್ದ ಕಾಲದಲ್ಲಿ, ಖಾಲಿ ಜಾಗ ಕೊಂಡಿತ್ತು. ಅಲ್ಲಿ ಕನ್ನಡ ಭವನ ಕಟ್ಟಬೇಕೆಂಬ ಆಸೆ. ಅದಕ್ಕೆ ಹಣ ಕೂಡಿಸಲು ಅವರು ಕಂಡುಕೊಂಡ ದಾರಿ ಇದು: ತೀರಿಹೋದ ತಂದೆಯ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಒಂದು ಚದರಡಿಯ ಬೆಲೆ ಕೊಡಿ, ಆ ಅಡಿ ಅವರದು. ಕಾಗದದಲ್ಲಿ ಇಡೀ ಜಾಗ ಟ್ರಸ್ಟಿನದೇ. ಮನಸ್ಸಿನಲ್ಲಿ ಮಾತ್ರ ಒಂದೊಂದು ಅಡಿ ಒಬ್ಬೊಬ್ಬರದು. ಸಿಡ್ನಿಯವರೂ ಕೊಟ್ಟರು. ನಮ್ಮ ಜನ ಸತ್ತವರಿಗೆ ಇಲ್ಲವೆನ್ನುವುದಿಲ್ಲ.

ನನ್ನ ಅಪ್ಪ ಸಿನಿಮಾ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಕಿಟಕಿಯಿಲ್ಲದ, ಬೆಂಕಿಯಂತೆ ಕಾಯುವ ಒಂದು ಕೋಣೆಯಲ್ಲಿ ಆಯುಷ್ಯ ಕಳೆದರು. ಊರಿಗೆಲ್ಲ ಬೆಳಕು ಬಿಟ್ಟು ತಾವು ಕತ್ತಲಲ್ಲಿ ಕೂತವರು. ಅವರಿಗೆ ಬೆಳಗಿನ ಬಿಸಿಲು ಬೀಳುವ ಮೂಲೆ ಸಿಗಲಿ ಎಂದು ನನಗೆ ಬಹಳ ಅನ್ನಿಸಿತು. ಟ್ರಸ್ಟಿನ ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಅಂಕಲ್ ಎಂದು. ಮೈಸೂರಿನವರು, ಆ ಜಾಗ ಹುಡುಕಿ ಕೊಡಿಸಿದವರು.

"ಅಂಕಲ್, ಈಶಾನ್ಯ ಮೂಲೇಲಿ ಕೊಡಕ್ಕಾಗತ್ತಾ?" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟೆ.

"ಅಳಬೇಡ ಮಗಳೇ. ಈಶಾನ್ಯದಲ್ಲೇ ಹಾಕ್ಕೊಂಡಿದೀನಿ. ದೇವಮೂಲೆ. ನಿಮ್ಮ ತಂದೆ ಅಲ್ಲಿ ನೆಮ್ಮದಿಯಾಗಿರ್ತಾರೆ" ಎಂದರು.

ನಾನು ಆ ಹೊತ್ತಿಗೆ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ತಪ್ಪು ಹುಡುಕಿದ್ದಕ್ಕೆ ಸಂಬಳವೂ ಕೊಡುತ್ತಾರೆಂದು ಗೊತ್ತಾದಾಗ ನಮ್ಮ ಅಮ್ಮ, "ನಿನಗೆ ಹೇಳಿ ಮಾಡಿಸಿದ ಕೆಲಸ ಬಿಡು" ಎಂದಿದ್ದಳು. ಶನಿವಾರಗಳಲ್ಲಿ ಮಾತ್ರ ಟೂಂಗಾಬಿಯ ನಮ್ಮ ಗ್ಯಾರೇಜಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಕಾರು ಆಚೆ, ಮಕ್ಕಳು ಒಳಗೆ. ಚಳಿಗಾಲದಲ್ಲಿ ಮಕ್ಕಳ ಬಾಯಿಂದ ಅಕ್ಷರದ ಜೊತೆಗೆ ಹೊಗೆಯೂ ಬರುತ್ತಿತ್ತು. ಆಮೇಲೆ ಮನೆಯ ಓನರ್ ಮನೆ ಮಾರಿದ. ನಾವು ಹೋದದ್ದು ಯೂನಿಟ್ಟಿಗೆ, ಅಂದರೆ ಸಣ್ಣ ಫ್ಲಾಟಿಗೆ, ಅಲ್ಲಿ ಗ್ಯಾರೇಜು ಇಲ್ಲ. ಒಂದು ವಾರ ಯಾರದೋ ಡ್ರಾಯಿಂಗ್ ರೂಮು, ಇನ್ನೊಂದು ವಾರ ಪಾರ್ಕಿನ ಬೆಂಚು, ಮತ್ತೊಂದು ವಾರ ಮಳೆ. ಬರುವ ಮಕ್ಕಳು ಕಡಿಮೆಯಾಗುತ್ತ ಹೋದರು. ಒಂದು ಶನಿವಾರ ಯಾರೂ ಬರಲಿಲ್ಲ. ಒಂದು ಶಾಲೆ ಸಾಯುವುದು ಹಾಗೆ: ಯಾರೂ ಮುಚ್ಚುವುದಿಲ್ಲ, ಕೂರಲು ಜಾಗವಿಲ್ಲದೆ ತಾನೇ ಕರಗಿಹೋಗುತ್ತದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅಂದು ಆ ಕೋಪವನ್ನು ಯಾರ ಮೇಲೆ ಬಿಡಬೇಕೆಂದೇ ತಿಳಿಯಲಿಲ್ಲ.

ಮುಂದೆ ಗಂಡನ ಕೆಲಸದ ಸಲುವಾಗಿ ಮೆಲ್ಬರ್ನ್‌ಗೆ ಬಂದೆವು. ವಿಂಡಮ್ ವೇಲ್‌ನಲ್ಲಿ ಮನೆ, ಮನೆಯ ಮೇಲೆ ಮಾರ್ಟ್‌ಗೇಜ್, ಎದುರಿಗೆ ಇನ್ನೂ ಬೇರು ಬಿಡದ ಗಿಡಗಳ ಸಾಲು. ಬಂದ ಮೊದಲ ಭಾನುವಾರವೇ ಅಪ್ಪನ ಚದರಡಿ ನೋಡಲು ಹೋದೆ. ಬೇಲಿಯೊಳಗೆ ಅಂಕಲ್, ಕೂತು ಓಡಿಸುವ ಹುಲ್ಲಿನ ಮೆಷಿನ್ನಿನ ಮೇಲೆ, ತಲೆಗೆ ಕ್ರಿಕೆಟ್ ಟೋಪಿ ಹಾಕಿಕೊಂಡು ಸವಾರಿ ಮಾಡುತ್ತಿದ್ದರು. ಹುಲ್ಲು ಬೆಳೆದರೆ ಬೇಸಿಗೆಯಲ್ಲಿ ಬೆಂಕಿಯ ಭಯವೆಂದು ಇಲ್ಲಿಯ ಪುರಸಭೆಯಾದ ಕೌನ್ಸಿಲ್‌ನವರು ನೋಟೀಸು ಕೊಡುತ್ತಾರೆ. ಅದಕ್ಕೆ ವರ್ಷವರ್ಷವೂ ಅವರೇ ಬಂದು ಕತ್ತರಿಸುತ್ತಿದ್ದರು.

"ಅಂಕಲ್, ನಮ್ಮಪ್ಪ ಎಲ್ಲಿ?" ಎಂದೆ.

ಅವರು ಮೆಷಿನ್ ನಿಲ್ಲಿಸಿ ಮೂಲೆಯ ಕಡೆಗೆ ಕೈ ಬೀಸಿದರು. "ಅಲ್ಲೇ ಮಗಳೇ, ಅಲ್ಲೇ."

ಬೇಲಿಯ ಗೂಟಕ್ಕೆ ಯಾರೋ ಚೆಂಡು ಹೂವಿನ ಮಾಲೆ ಹಾಕಿದ್ದರು. ಅಪ್ಪನ ನೆರೆಹೊರೆಯವರೂ ಒಳ್ಳೆಯ ಮನೆತನದವರೇ ಎಂದುಕೊಂಡು ನಾನೂ ಎರಡು ಹೂವಿಟ್ಟು ಬಂದೆ.

ಭವನ ಮಾತ್ರ ಮೇಲೇಳಲೇ ಇಲ್ಲ. ಹಾಲ್ ಕಟ್ಟುವುದಾದರೆ ಇಷ್ಟು ಕಾರುಗಳಿಗೆ ಜಾಗ ಬಿಡಬೇಕೆಂದು ಕೌನ್ಸಿಲ್ ಹೇಳಿತು. ಅಷ್ಟು ಕಾರಿಗೆ ಜಾಗ ಬಿಟ್ಟರೆ ಹಾಲ್‌ಗೆ ಉಳಿಯುತ್ತಿದ್ದದ್ದು ಒಂದು ಅಡುಗೆಮನೆಯಷ್ಟು. ವಿನ್ಯಾಸ ಬದಲಾಯಿತು, ಸಮಿತಿ ಬದಲಾಯಿತು, ಸುತ್ತಲಿನ ಬಯಲೆಲ್ಲ ಹೊಸ ಮನೆಗಳಾದವು. ನಮ್ಮ ಹುಲ್ಲು ಮಾತ್ರ ಹುಲ್ಲಾಗಿಯೇ ಇತ್ತು.

ಟ್ರಸ್ಟಿನವರು ಶನಿವಾರ ನಡೆಸುತ್ತಿದ್ದ ಕನ್ನಡ ಶಾಲೆಗೆ ನಾನು ಟೀಚರಾಗಿ ಸೇರಿ ಕೆಲವು ವರ್ಷಗಳಲ್ಲಿ ಅದನ್ನು ನಡೆಸುವವಳೂ ಆದೆ. ಒಂದು ಪ್ರೈಮರಿ ಶಾಲೆಯ ಕೋಣೆಗಳನ್ನು ಬಾಡಿಗೆಗೆ ಪಡೆದಿದ್ದೆವು. ಮಕ್ಕಳು ತುಂಬಿ ತುಳುಕುತ್ತಿದ್ದರು. ನನ್ನ ಮಗಳೂ ಅಲ್ಲೇ ಓದಲು ಕಲಿತಳು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಒಂದು ದಿನ ಕಾರಿನಲ್ಲಿ, ಇಂಡಿಯನ್ ಅಂಗಡಿಯಿಂದ ತಂದ ಉಪ್ಪಿನಕಾಯಿ ಬಾಟಲಿಯನ್ನು ತಿರುಗಿಸಿ ಹಿಡಿದು, "ಮಾ...ವಿ...ನ...ಕಾ...ಯಿ" ಎಂದು ಓದಿದಳು. ನಾನು ಕಾರನ್ನು ಪಕ್ಕಕ್ಕೆ ಹಾಕಿ ಅತ್ತೆ.

ಅಂಥ ಹೊತ್ತಿನಲ್ಲಿ ಆ ಪ್ರೈಮರಿ ಶಾಲೆಯವರು ಹಳೆಯ ಕಟ್ಟಡ ಕೆಡವುತ್ತೇವೆ, ವರ್ಷದ ಕೊನೆಗೆ ಕೋಣೆ ಬಿಡಿ ಎಂದರು. ಊರೆಲ್ಲ ಹುಡುಕಿದೆವು. ಇದ್ದ ಹಾಲ್‌ಗಳೆಲ್ಲ ಶನಿವಾರ ಭರ್ತಿ. ಟೂಂಗಾಬಿಯ ಆ ಖಾಲಿ ಶನಿವಾರ ಮತ್ತೆ ನನ್ನ ಕಣ್ಣೆದುರು ಬಂದು ನಿಂತಿತು. ಒಂದು ಶಾಲೆ ಸಾಯುವುದನ್ನು ನೋಡಿದವಳು ನಾನು. ಇನ್ನೊಂದನ್ನು ನೋಡಲಾರೆ ಎಂದು ನಿರ್ಧರಿಸಿಬಿಟ್ಟೆ.

ದಾರಿ ತಾನಾಗಿ ಬಂತು. ಪಕ್ಕದ ಸಬರ್ಬಿನ ಒಂದು ಹಳೆಯ ಚರ್ಚಿನವರ ಬಳಿ ಹಾಲ್ ಇತ್ತು, ಅದಕ್ಕೆ ಅಂಟಿಕೊಂಡು ನಾಲ್ಕು ತರಗತಿ ಕೋಣೆಗಳಿದ್ದವು. ಅವರ ಹಿರಿಯರೆಲ್ಲ ಕಡಿಮೆಯಾಗಿ, ಎಳೆಯ ಸಂಸಾರಗಳು ಹೊಸ ಮನೆಗಳ ಕಡೆ, ಅಂದರೆ ನಮ್ಮ ಹುಲ್ಲಿನ ಸುತ್ತ, ಹೋಗಿ ನೆಲೆಸಿದ್ದವು. ಅವರಿಗೆ ನಮ್ಮ ಜಾಗ ಬೇಕಿತ್ತು, ನಮಗೆ ಅವರ ಕೋಣೆ ಬೇಕಿತ್ತು. ಕೊಟ್ಟು ತೆಗೆದುಕೊಳ್ಳೋಣ ಎಂದರು. ನಮ್ಮ ಜಾಗದ ಬೆಲೆ ಹೆಚ್ಚಾದ್ದರಿಂದ ಮೇಲೆ ಹಣವೂ ಬರುತ್ತಿತ್ತು. ವಕೀಲರು ಟ್ರಸ್ಟಿನ ಪತ್ರ ನೋಡಿ, ಬದಲಾಯಿಸಿಕೊಳ್ಳಬಹುದು, ಆದರೆ ಬಂದದ್ದೆಲ್ಲ ಮಕ್ಕಳ ವಿದ್ಯೆಗೇ ಹೋಗಬೇಕು ಎಂದರು. ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ.

ಅಂಕಲ್ ಮಾತ್ರ ಒಪ್ಪಲಿಲ್ಲ.

"ದಾನವಾಗಿ ಬಂದ ಭೂಮಿನ ಮಾರೋದು ಅಂದ್ರೆ ಏನಮ್ಮಾ? ಜನ ಅಪ್ಪ ಅಮ್ಮನ ಹೆಸರಲ್ಲಿ ಕೊಟ್ಟಿರೋದು. ನಾನೇ ಕೈ ಒಡ್ಡಿ ತಗೊಂಡಿದೀನಿ. ಈಗ ಆ ಕೈಯಿಂದ್ಲೇ ಸೈನ್ ಹಾಕಿ ಇನ್ನೊಬ್ರಿಗೆ ಕೊಡ್ಲಾ?"

"ಅಲ್ಲಿ ಹುಲ್ಲು ಬಿಟ್ರೆ ಏನೂ ಇಲ್ಲ ಅಂಕಲ್."

"ಹುಲ್ಲಲ್ಲಮ್ಮ ಅದು. ಮಾತು."

ಉತ್ತರವಿಲ್ಲದಾಗ ನಾನು ದನಿ ಎತ್ತುತ್ತೇನೆ, ಎತ್ತಿದೆ. ಅವರು ಶಾಂತವಾಗಿ ಕೇಳಿಸಿಕೊಂಡು ಹೇಳಿದರು: "ಸಭೆ ಕರೆಯೋಣ. ಕೊಟ್ಟವರು ಬಂದು ಹೇಳ್ಲಿ. ಒಬ್ರು ಬೇಡ ಅಂದ್ರೂ ನಾನು ಸೈನ್ ಹಾಕಲ್ಲ."

ಒಬ್ಬರೂ ಬೇಡವೆನ್ನದ ಕನ್ನಡಿಗರ ಸಭೆಯನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಉಪ್ಪಿಟ್ಟಿಗೆ ಈರುಳ್ಳಿ ಹಾಕಬೇಕೇ ಎಂಬುದಕ್ಕೇ ನಮ್ಮಲ್ಲಿ ಎರಡು ಬಣವಾಗುತ್ತದೆ. ಇದು ಮುಗಿದ ಕಥೆ ಎಂದುಕೊಂಡೆ.

ಸಭೆಯ ದಿನ ಕಮ್ಯುನಿಟಿ ಸೆಂಟರ್ ತುಂಬಿತ್ತು. ಟೂಂಗಾಬಿಯಿಂದಲೂ ಕೆಲವರು ಕಾರು ಮಾಡಿಕೊಂಡು ಬಂದಿದ್ದರು. ಒಂದು ಕಡೆ ಚಿತ್ರಾನ್ನ, ಇನ್ನೊಂದು ಕಡೆ ಫ್ಲಾಸ್ಕಿನಲ್ಲಿ ಕಾಫಿ. ಮೊದಲು ನಾನು ಮಾತಾಡಿದೆ: ಶಾಲೆ, ಕೋಣೆ, ವರ್ಷದ ಕೊನೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಅಂಕಲ್ ಎದ್ದರು. ಅವರು ವಾದ ಮಾಡಲಿಲ್ಲ. ಯಾರು ಯಾರು ಯಾವ ಸ್ಥಿತಿಯಲ್ಲಿ ಫೋನ್ ಮಾಡಿದ್ದರೆಂದು, ಹೆಸರು ಹೇಳದೆ ಹೇಳುತ್ತ ಹೋದರು. ವೀಸಾ ಕೈಗೆ ಬಾರದೆ ತಾಯಿಯ ಮುಖ ನೋಡಲಾಗದವರು. ಇಲ್ಲೇ ಕಾಯಂ ನೆಲೆಸಲು ಪಿಆರ್ ಬಂದ ದಿನವೇ ತಂದೆಯ ಸುದ್ದಿ ಬಂದವರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ನನ್ನ ಕಣ್ಣೂ ತುಂಬಿತು. ನಾನು ಸೋಲುತ್ತಿದ್ದೆ, ಸೋಲುತ್ತ ಅಳುತ್ತಿದ್ದೆ, ಅದು ಇನ್ನೂ ಸಿಟ್ಟು ತರಿಸಿತು.

ಕೊನೆಗೆ ಅಂಕಲ್ ಗೋಡೆಗೆ ಜಾಗದ ದೊಡ್ಡ ನಕ್ಷೆಯನ್ನು ಅಂಟಿಸಿದರು.

"ಕೊಡೋದಾದ್ರೆ ಕೊಡಿ. ಆದ್ರೆ ಕೊಡೋಕ್ ಮುಂಚೆ ಒಬ್ಬೊಬ್ರೂ ಬಂದು ನಿಮ್ಮ ತಂದೆ ತಾಯಿ ಅಡಿ ಎಲ್ಲಿದೆ ಅಂತ ಇದರ ಮೇಲೆ ಗುರುತು ಮಾಡಿ. ಏನು ಕೊಡ್ತಿದೀವಿ ಅಂತ ಕಣ್ಣಾರೆ ನೋಡೋಣ" ಎಂದರು.

ಗುರುತು ಮಾಡಲು ಪೆನ್ನು ಹುಡುಕಿದರೆ ಸಿಗಲಿಲ್ಲ. ಹುಬ್ಬಳ್ಳಿಯ ಆಂಟಿಯೊಬ್ಬರು ವ್ಯಾನಿಟಿ ಬ್ಯಾಗಿನಿಂದ ಬಿಂದಿಯ ಹಾಳೆ ತೆಗೆದು ಮುಂದಿಟ್ಟರು. ಮೊದಲು ಎದ್ದವರೂ ಅವರೇ. ನಕ್ಷೆಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡು, ಈಶಾನ್ಯ ಮೂಲೆಯಲ್ಲಿ ಒಂದು ಕೆಂಪು ಬಿಂದಿ ಅಂಟಿಸಿ, ಕಣ್ಣಿಗೊತ್ತಿಕೊಂಡು ಬಂದರು.

ಎರಡನೆಯವರು ತುಮಕೂರಿನವರು. ಅವರೂ ಈಶಾನ್ಯದಲ್ಲೇ, ಆ ಬಿಂದಿಗೆ ತಗುಲಿದಂತೆ ಅಂಟಿಸಿದರು. ಮೂರನೆಯವರು ಸ್ವಲ್ಪ ಹೊತ್ತು ನಿಂತು, ಎರಡರ ಮೇಲೆ ಅರ್ಧರ್ಧ ಬರುವಂತೆ ಅಂಟಿಸಿದರು. ನಾಲ್ಕನೆಯವಳು ನಾನು. ನಕ್ಷೆಯ ಎದುರಿಗೆ ಹೋದಾಗ ಅಪ್ಪನಿಗೆ ಜಾಗವೇ ಇರಲಿಲ್ಲ. ಎಲ್ಲರ ಮೇಲೆ ಅಂಟಿಸಿ ಬಂದೆ. ನನ್ನ ಹಿಂದೆ ಬಂದವರೂ ಅದನ್ನೇ ಮಾಡಿದರು. ಸಾಲು ಮುಂದುವರಿಯಿತು. ಬಿಂದಿಯ ಮೇಲೆ ಬಿಂದಿ ಕೂತು ಆ ಮೂಲೆ ಬೆಲ್ಲದುಂಡೆಯ ಹಾಗೆ ಉಬ್ಬಿತು. ಮಿಕ್ಕ ಇಡೀ ನಕ್ಷೆ ಬೆಳ್ಳಗೆ, ಬೋಳಾಗಿ ಉಳಿಯಿತು. ನಾವೆಲ್ಲರೂ ಅದೊಂದೇ ಮೂಲೆಯನ್ನು ಕೇಳಿದ್ದೆವು. ಅಂಕಲ್ ಎಲ್ಲರಿಗೂ ಅದನ್ನೇ ಕೊಟ್ಟಿದ್ದರು.

ಮೊದಲು ಬಾಯಿಬಿಟ್ಟವರು ಹುಬ್ಬಳ್ಳಿಯ ಆಂಟಿ. "ಅಯ್ಯ, ನಮ್ಮಪ್ಪಗ ಉಸಿರಾಡಾಕೂ ಜಾಗ ಇಲ್ಲಲ್ರೀ! ಯಾರ್ಯಾರ ಮ್ಯಾಲ ಯಾರ್ಯಾರು ಕುಂತಾರ ಏನೋ!"

ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಆ ಹಾಲ್ ನಕ್ಕಂತೆ ಯಾವ ಹಾಲೂ ನಗುವುದನ್ನು ನಾನು ಕೇಳಿಲ್ಲ. ಅತ್ತ ಕಣ್ಣುಗಳೇ ನಗುತ್ತಿದ್ದವು. ಟೂಂಗಾಬಿಯಿಂದ ಬಂದವರೊಬ್ಬರು, "ನಮ್ಮಮ್ಮಂಗೆ ಜನ ಇದ್ರೇನೇ ಇಷ್ಟ, ಪರವಾಗಿಲ್ಲ" ಎಂದರು. ಇನ್ನೊಬ್ಬರು, "ಆಸ್ಟ್ರೇಲಿಯಾದಲ್ಲಿ ಸೂರ್ಯ ಉತ್ತರದಲ್ಲಿ ಹೋಗ್ತಾನೆ, ಇಲ್ಲಿ ಈಶಾನ್ಯನೇ ಬೇರೆ ಅಂತ ನಾನು ಅವತ್ತೇ ಹೇಳಿದ್ದೆ" ಎಂದು ಹಳೆಯ ಜಗಳ ತೆಗೆದರು. ಅವರನ್ನು ಯಾರೂ ಕೇಳಲಿಲ್ಲ.

ಅಂಕಲ್ ಮಾತ್ರ ನಗಲಿಲ್ಲ. ನಕ್ಷೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ನಗು ತಣ್ಣಗಾದ ಮೇಲೆ ಮೆಲ್ಲಗೆ ಹೇಳಿದರು: "ಎಲ್ರೂ ಅದನ್ನೇ ಕೇಳಿದ್ರಿ. ತಂದೆ ಹೋದ ದುಃಖದಲ್ಲಿ ಫೋನ್ ಮಾಡ್ದವರಿಗೆ ಈಶಾನ್ಯ ಖಾಲಿಯಾಯ್ತು, ನೈಋತ್ಯ ಇದೆ, ತಗೋತೀರಾ ಅಂತ ಹೇಗ್ ಕೇಳ್ಲಿ ಹೇಳಿ? ಇಲ್ಲ ಅನ್ನಕ್ಕೆ ನನ್ ಕೈಲಿ ಆಗ್ಲಿಲ್ಲ. ಕೊಡೋಕ್ ಮುಂಚೆ ಅದು ನಿಮಗೆ ಗೊತ್ತಾಗ್ಲಿ ಅಂತ್ಲೇ ನಕ್ಷೆ ತಂದೆ."

ಇಷ್ಟು ವರ್ಷ ಆ ಮನುಷ್ಯ ನಮ್ಮೆಲ್ಲರ ದುಃಖವನ್ನು ಒಂದೇ ಮೂಲೆಯಲ್ಲಿ ಹಿಡಿಸಿಕೊಂಡು, ಅದರ ಮೇಲಿನ ಹುಲ್ಲು ಕತ್ತರಿಸುತ್ತ ಬಂದಿದ್ದರು. ಅವರ ಮೇಲೆ ನನಗೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ಬಹಳ ಪ್ರೀತಿ ಬಂತು. ಪ್ರೀತಿ ಬಂದಾಗಲೂ ನಾನು ದನಿ ಎತ್ತಿಯೇ ಮಾತಾಡುವವಳು.

"ಅಂಕಲ್, ಇವರೆಲ್ಲ ಇಷ್ಟ್ ವರ್ಷ ಒಂದೇ ಅಡೀಲಿ ಅಡ್ಜಸ್ಟ್ ಮಾಡ್ಕೊಂಡು ಕೂತಿದಾರಲ್ಲ, ನಾಲ್ಕ್ ಕ್ಲಾಸ್‌ರೂಮ್ ಕೊಟ್ರೆ ಆರಾಮಾಗಿ ಇರಲ್ವಾ? ನಮ್ಮಪ್ಪ ಅಂತೂ ಇರ್ತಾರೆ. ಮೊಮ್ಮಕ್ಕಳು ಓದೋದ್ ಕೇಳಿಸುತ್ತೆ ಅಂದ್ರೆ ಅವರು ಕಕ್ಕಸಿನ ಪಕ್ಕ ಬೇಕಾದ್ರೂ ಇರ್ತಾರೆ."

"ನಮ್ಮಪ್ಪನೂ ಬರ್ತಾನ್ರೀ" ಎಂದರು ಹುಬ್ಬಳ್ಳಿಯ ಆಂಟಿ. "ನಮ್ಮಮ್ಮನೂ" ಎಂದಿತು ಇನ್ನೊಂದು ದನಿ. ಆಮೇಲೆ ಒಂದೊಂದು ಕುರ್ಚಿಯಿಂದಲೂ ಅದೇ ಮಾತು ಬಂತು. ಕೈ ಎತ್ತಿಸುವ ಅಗತ್ಯವೇ ಬೀಳಲಿಲ್ಲ. ಬೇಡವೆಂದವರು ಒಬ್ಬರೂ ಇರಲಿಲ್ಲ. ಕನ್ನಡಿಗರ ಸಭೆಯೊಂದು ಸರ್ವಾನುಮತದಿಂದ ಒಂದು ಮಾತಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ, ಯಾರು ಬೇಕಾದರೂ ಬಂದು ನನ್ನನ್ನು ಕೇಳಬಹುದು.

ಆಗ ಅಂಕಲ್ ಬಿಂದಿಯ ಹಾಳೆಯನ್ನು ಕೇಳಿ ತೆಗೆದುಕೊಂಡರು. ಅದರಲ್ಲಿ ಉಳಿದದ್ದರಲ್ಲಿ ಒಂದನ್ನು ಕಿತ್ತು, ಈಶಾನ್ಯಕ್ಕೆ ಎದುರು ಮೂಲೆಯಲ್ಲಿ, ಚರಂಡಿಯ ಗೆರೆಯ ಪಕ್ಕ ಅಂಟಿಸಿದರು.

"ಇದು ನಮ್ಮಮ್ಮಂದು" ಎಂದರು. "ಯಾರಾದ್ರೂ ಅಲ್ಲಿ ಇರ್ಬೇಕಿತ್ತಲ್ಲ."

ಹುಬ್ಬಳ್ಳಿಯ ಆಂಟಿ ಎದ್ದು ಹೋಗಿ ಅವರ ಕೈ ಹಿಡಿದುಕೊಂಡರು. ಅಂಕಲ್ ಅಂದೇ ಸೈನ್ ಹಾಕುತ್ತೇನೆಂದರು. ಚಿತ್ರಾನ್ನ ಆರಿಹೋಗಿತ್ತು, ಆದರೂ ಅಂದು ಅದರ ಪಾತ್ರೆಯಲ್ಲಿ ಒಂದಗುಳೂ ಉಳಿಯಲಿಲ್ಲ.

ಕಾಗದಪತ್ರ ಮುಗಿಯಲು ತಿಂಗಳುಗಳೇ ಹಿಡಿದವು. ವಕೀಲರ ಇಮೇಲ್‌ಗಳು, ಸರ್ವೆಯವರ ಗೂಟಗಳು, ಕೌನ್ಸಿಲ್‌ನ ಪ್ರಶ್ನೆಗಳು. ನನಗೆ ಯಾವುದೂ ಭಾರವೆನಿಸಲಿಲ್ಲ. ಮೇಲೆ ಬಂದ ಹಣವನ್ನು ಶಾಲೆಯ ನಿಧಿಯಾಗಿ ಕೂಡಿಟ್ಟೆವು. ಅದರ ಬಡ್ಡಿಯಲ್ಲಿ ಟೂಂಗಾಬಿಯಲ್ಲೂ ಒಂದು ಹಾಲ್ ಬುಕ್ ಮಾಡಿ ತರಗತಿ ಶುರುಮಾಡಬೇಕೆಂದು ನಾನು ಹಟ ಹಿಡಿದೆ. ಸಿಡ್ನಿಯವರ ತಂದೆತಾಯಿಯರೂ ಆ ಮೂಲೆಯಲ್ಲಿದ್ದರಲ್ಲ, ಆ ಮಾತಿಗೆ ಯಾರೂ ಎದುರಾಡಲಿಲ್ಲ. ಈಗ ಅಲ್ಲಿ ಶನಿವಾರ ಶನಿವಾರ ಪಾಠ ನಡೆಯುತ್ತದೆ.

ಜಾಗ ಬಿಟ್ಟುಕೊಡುವ ಹಿಂದಿನ ದಿನ ಅಂಕಲ್ ಕೊನೆಯ ಸಲ ಹುಲ್ಲು ಕತ್ತರಿಸಿದರು. ನಾಳೆ ಚರ್ಚಿನವರದಾಗುವ ಜಾಗಕ್ಕೆ ನೀವೇಕೆ ಬೆವರು ಸುರಿಸುತ್ತೀರಿ ಎಂದೆ. "ಹೆಣ್ಣು ಕೊಡೋರು ತಲೆ ಬಾಚದೆ ಕಳಿಸ್ತಾರಾ?" ಎಂದು ಮೆಷಿನ್ ತಿರುಗಿಸಿಕೊಂಡು ಹೋದರು. ಮರುದಿನ ಚರ್ಚಿನ ಹಿರಿಯರೊಬ್ಬರು ಆ ಹುಲ್ಲು ನೋಡಿ ಮೆಚ್ಚಿ ಅವರ ಕೈ ಕುಲುಕಿದರು. ಅಂಕಲ್ ಮೆಷಿನ್ನನ್ನೂ ಅವರಿಗೇ ಬಿಟ್ಟುಬಂದರು.

ಹೊಸ ಕಟ್ಟಡದ ಮೊದಲ ಶನಿವಾರ ನಾನು ಬೆಳಿಗ್ಗೆಯೇ ಹೋಗಿ ಬೀಗ ತೆಗೆದೆ. ನಮ್ಮದೇ ಬೀಗ. ಮಾವಿನೆಲೆ ಸಿಗಲಿಲ್ಲ, ಯಾರದೋ ಹಿತ್ತಲಿನ ನಿಂಬೆ ಎಲೆಯ ತೋರಣ ಕಟ್ಟಿದ್ದೆವು. ನಾಲ್ಕೂ ಕೋಣೆ ತುಂಬಿ ಮಕ್ಕಳು ಹಾಲ್‌ನಲ್ಲೂ ಕೂತರು. ಅಪ್ಪ ಅಮ್ಮಂದಿರು ಬಿಟ್ಟುಹೋಗಲು ಬಂದವರು ಹೋಗದೆ ಕಿಟಕಿಯ ಬಳಿ ನಿಂತಿದ್ದರು. ಅಂಕಲ್ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತ, ಕುರ್ಚಿ ಸಾಲದ ಕಡೆ ಕುರ್ಚಿ ತಂದಿಡುತ್ತಿದ್ದರು. ನನಗೆ ಕೂಗಬೇಕೆನ್ನಿಸಿತು, ಸಿಳ್ಳೆ ಹೊಡೆಯಬೇಕೆನ್ನಿಸಿತು. ಟೀಚರ್ ಆದ್ದರಿಂದ ಸುಮ್ಮನಿದ್ದೆ.

ಅಂದು ಚಿಕ್ಕವರಿಗೆ ಸ್ವರಗಳನ್ನು ಹೇಳಿಕೊಟ್ಟೆ. ಬೋರ್ಡಿನ ತುಂಬ ದೊಡ್ಡದಾಗಿ ಬರೆದಿದ್ದೆ. ಪಾಠ ಮುಗಿದದ್ದೇ ಹಿಂದೆ ಕೂತಿದ್ದ ನನ್ನ ಮಗಳು ಎದ್ದು ಡಸ್ಟರ್ ಹಿಡಿದು ಬೋರ್ಡಿಗೆ ಹೋದಳು. ಬಾಡಿಗೆ ಕೋಣೆಯಲ್ಲಿ ಹಾಗೆಯೇ ಮಾಡಬೇಕಿತ್ತು. ಹೊರಡುವ ಮುಂಚೆ ಬೋರ್ಡು ಒರೆಸಿ, ಮೇಜು ಮೊದಲಿದ್ದ ಹಾಗೆ ಜೋಡಿಸಿ, ನಾವು ಬಂದೇ ಇರಲಿಲ್ಲ ಎಂಬಂತೆ ಬಿಟ್ಟು ಬರಬೇಕಿತ್ತು. ಅವಳಿಗೆ ಬುದ್ಧಿ ಬಂದಾಗಿನಿಂದ ಅದೇ ಅಭ್ಯಾಸ.

"ಬೇಡ ಪುಟ್ಟಿ, ಅಳಿಸಬೇಡ" ಎಂದೆ.

"Why? ಸೋಮವಾರ ಅವರು ಬೈಯಲ್ವಾ?"

"ಯಾರು ಬೈತಾರೆ?"

ಅವಳು ಸುತ್ತ ನೋಡಿದಳು. ಯೋಚಿಸಿದಳು. ಡಸ್ಟರನ್ನು ಇದ್ದಲ್ಲೇ ಇಟ್ಟಳು.

ಮುಂದಿನ ಶನಿವಾರ ಬಾಗಿಲು ತೆಗೆದಾಗ ಅಕಾರದಿಂದ ಅಃ ತನಕ ಎಲ್ಲವೂ ಬೋರ್ಡಿನ ಮೇಲೆ ಹಾಗೆಯೇ ಇತ್ತು.